ಅಂಗಳದ ಎಲೆ, ಊರಿನ ಹೊರೆ

ಸಂಕ್ರಾಂತಿ ಕಳೆದು ಶಿವರಾತ್ರಿ ಸಮೀಪಿಸುತ್ತಿದ್ದಂತೆ ಯಲಹಂಕ ಉಪನಗರದ ಹಳೆಯ ಬೀದಿಗಳಲ್ಲಿ ಭಾನುವಾರದ ಬೆಳಗು ಒಂದು ಚೌಕಾಸಿಯೊಂದಿಗೆ ಆರಂಭವಾಗುವುದುಂಟು. ತೆಂಗಿನ ಕಡ್ಡಿಯ ಪೊರಕೆ ಮತ್ತು ನಾಲ್ಕು ಗೋಣಿಚೀಲ ಹಿಡಿದ ಆಳೊಬ್ಬ ಗೇಟಿನ ಬಳಿ ನಿಂತು ಎಲೆ ಬಾಚಬೇಕೇ ಎಂದು ಕೇಳುತ್ತಾನೆ. 500 ರೂಪಾಯಿ ಎಂದದ್ದು 300ಕ್ಕೆ ಇಳಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಹೊಂಗೆ, ಮಾವು, ಸಂಪಿಗೆಯ ತರಗೆಲೆಯೆಲ್ಲ ಚೀಲ ಸೇರಿ ಅಂಗಳ ನುಣ್ಣಗಾಗುತ್ತದೆ. ಚೀಲಗಳು ಎಲ್ಲಿಗೆ ಹೋಗುತ್ತವೆಂದು ಮನೆಯವರು ಕೇಳುವುದಿಲ್ಲ, ಆಳೂ ಹೇಳುವುದಿಲ್ಲ. ಸಂಜೆ ರಸ್ತೆಯ ತಿರುವಿನ ಖಾಲಿ ನಿವೇಶನದಿಂದ ಹೊಗೆ ಏಳುತ್ತದೆ. ಅದೇ ಮನೆಯವರು ಕೆಮ್ಮುತ್ತ ಕಿಟಕಿ ಮುಚ್ಚಿಕೊಳ್ಳುತ್ತಾರೆ.

ಮೇಲ್ನೋಟಕ್ಕೆ ಅಂಗಳ ಚೊಕ್ಕಟಗೊಳಿಸಲು ತಗಲುವ ವೆಚ್ಚ ಈ 300 ರೂಪಾಯಿ ಅಷ್ಟೆ. ವಾಸ್ತವದಲ್ಲಿ ಅದು ಎಲೆಯನ್ನು ನಮ್ಮ ಕಣ್ಣಿಂದ ಮರೆಮಾಡಲು ತೆತ್ತ ಹಣವೇ ಹೊರತು ಎಲೆಯ ವಿಲೇವಾರಿಗೆ ಕೊಟ್ಟ ಬೆಲೆಯಲ್ಲ. ಉಳಿದ ಬೆಲೆ ತೆರುವವರು ಬೇರೆ. ಬೀದಿ ಗುಡಿಸುವ ಪೌರಕಾರ್ಮಿಕ ಮಹಿಳೆ, ಹೊಗೆ ಕುಡಿಯುವ ನೆರೆಮನೆಯ ಮಗು, ನಗರದ ಕಸವನ್ನು ಹೊತ್ತುಕೊಂಡ ಹಳ್ಳಿ. ಕೊನೆಗೆ ಎಲೆ ಉದುರಿಸಿದ ತಪ್ಪಿಗೆ ಆ ಮರವೇ.

ಎಲೆ ಸುಡುವುದು ಅಪರಾಧ ಎಂಬುದು ಹೊಸ ಮಾತೇನಲ್ಲ. ಬೆಂಗಳೂರಿನವರೇ ಆದ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಅರ್ಜಿಯ ಫಲವಾಗಿ ದೇಶಕ್ಕೆ 2000ದಲ್ಲಿ ಮೊದಲ ಬಾರಿಗೆ ನಗರ ಘನತ್ಯಾಜ್ಯ ನಿಯಮಗಳು ಬಂದವು. ಕಸವನ್ನೂ ಒಣ ಎಲೆಯನ್ನೂ ಸುಡಕೂಡದೆಂದು ಆ ನಿಯಮಗಳು ಹೆಸರು ಹಿಡಿದೇ ಹೇಳಿದ್ದವು. ಅವುಗಳ ಜಾಗದಲ್ಲಿ ಬಂದ 2016ರ ನಿಯಮಗಳು ಇನ್ನೊಂದು ಹೆಜ್ಜೆ ಮುಂದೆ ಹೋದವು: ಮನೆಯ ತೋಟದ ಕಸವನ್ನು ಮನೆಯವರು ತಮ್ಮ ಆವರಣದಲ್ಲೇ ಪ್ರತ್ಯೇಕವಾಗಿ ಇಟ್ಟುಕೊಂಡು ಸ್ಥಳೀಯ ಸಂಸ್ಥೆಯ ನಿರ್ದೇಶನದಂತೆ ವಿಲೇವಾರಿ ಮಾಡಬೇಕು, ಉದ್ಯಾನಗಳ ಎಲೆಯನ್ನು ಸಾಧ್ಯವಾದಷ್ಟೂ ಆಯಾ ಉದ್ಯಾನದಲ್ಲಿಯೇ ಗೊಬ್ಬರ ಮಾಡಬೇಕು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಅದೇ ಅಲ್ಮಿತ್ರಾ ಪಟೇಲ್ ಪ್ರಕರಣದಲ್ಲಿ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಬಯಲಿನಲ್ಲಿ ಕಸ ಸುಡುವವರಿಗೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ವಿಧಿಸಬೇಕೆಂದು ಆದೇಶಿಸಿತು. ಆದರೆ 300 ರೂಪಾಯಿಗೆ ಒಪ್ಪಿಕೊಂಡ ಆಳಿನಿಂದ 5,000 ರೂಪಾಯಿ ವಸೂಲಿ ಮಾಡುವ ಅಧಿಕಾರಿ ಯಾರು? ವಸೂಲಿ ಮಾಡಿದರೂ ಅದು ನ್ಯಾಯವೇ? ಎಲೆ ಅವನದಲ್ಲ, ಬೆಂಕಿ ಮಾತ್ರ ಅವನದು.

ಇಷ್ಟಕ್ಕೂ ಅವನೇಕೆ ಬೆಂಕಿ ಹಚ್ಚುತ್ತಾನೆ? ಉತ್ತರವಿರುವುದು ಎಲೆಯ ಗಾತ್ರದಲ್ಲಿ. ಅಕ್ಕಿ ತುಂಬಿದರೆ 50 ಕಿಲೋಗೂ ಮಿಗಿಲಾಗಿ ತೂಗುವ ಗೋಣಿಚೀಲಕ್ಕೆ ಒಣಗಿದ ಎಲೆಯನ್ನು ತುಂಬಿದರೆ ಐದಾರು ಕಿಲೋ ತೂಗಿದರೆ ಹೆಚ್ಚು, ಮಿಕ್ಕದ್ದೆಲ್ಲ ಗಾಳಿ. ಮನೆ ಮನೆಗೆ ಬರುವ ಆಟೊ ಟಿಪ್ಪರ್ ಒಂದು ಬೀದಿಯ ಎಲೆಯನ್ನು ತುಂಬಿಕೊಂಡರೆ ಮುಂದಿನ ಬೀದಿಯ ಅಡುಗೆಮನೆಯ ಕಸಕ್ಕೆ ಜಾಗವೇ ಉಳಿಯುವುದಿಲ್ಲ. ಹೀಗಾಗಿ ಟಿಪ್ಪರಿನವನು ಎಲೆಯ ಚೀಲ ಕಂಡರೆ ಕೈಯಾಡಿಸುತ್ತಾನೆ. ಲಾರಿ ಸಾಗಿಸುವುದು ಎಲೆಯನ್ನಲ್ಲ, ಡೀಸೆಲ್ ಸುಟ್ಟು ಗಾಳಿಯನ್ನು. ಹೀಗೆ ಯಾರಿಗೂ ಬೇಡವಾದ ವಸ್ತುವನ್ನು ಒಂದು ಬೆಂಕಿಕಡ್ಡಿ ಅರ್ಧ ಗಂಟೆಯಲ್ಲಿ ಮುಗಿಸುತ್ತದೆ.

ಬೀದಿ ಗುಡಿಸುವವರ ಪಾಲಿಗಂತೂ ಈ ಮೂರು ತಿಂಗಳು ಮುಗಿಯದ ಸುಗ್ಗಿ. ಗುಡಿಸಿ ಹಿಂತಿರುಗುವಷ್ಟರಲ್ಲಿ ಮತ್ತೆ ಉದುರುವ ಎಲೆಯ ಜೊತೆಗೆ, ಮನೆಗಳ ಒಳಗಿನಿಂದ ಹೊರದಬ್ಬಿದ ರಾಶಿಯೂ ಅವರದೇ. 2025ರ ಮೇ 1ರಂದು ನಗರದ 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಕಾಯಂ ನೇಮಕದ ಆದೇಶ ಸಿಕ್ಕಿದ್ದು ದೀರ್ಘ ಹೋರಾಟದ ನಂತರ ದೊರೆತ ನ್ಯಾಯ. ಆದರೆ ಕೆಲಸ ಕಾಯಂ ಆಯಿತೇ ವಿನಾ ಎಲೆ ಸುರಿಯುವ ಜಾಗ ಕಾಯಂ ಆಗಲಿಲ್ಲ. ಬಾಚಿದ ರಾಶಿಯನ್ನು ಒಯ್ಯಲು ವಾಹನವಿಲ್ಲ, ಬಿಟ್ಟರೆ ಬೈಗುಳ, ಸುಟ್ಟರೆ ದಂಡ. ಹೊಗೆಯ ಅತಿ ಸಮೀಪದಲ್ಲಿ ನಿಲ್ಲುವವರೂ ಅವರೇ. ಒಣ ಎಲೆ ಧಗಧಗನೆ ಉರಿಯುವುದಿಲ್ಲ, ಒಳಗೊಳಗೇ ಹೊಗೆಯಾಡುತ್ತದೆ. ಹಾಗೆ ಅರೆಬರೆ ಉರಿದಾಗಲೇ ಶ್ವಾಸಕೋಶದ ಆಳಕ್ಕಿಳಿಯುವ ಸೂಕ್ಷ್ಮ ಕಣಗಳೂ ಇಂಗಾಲದ ಮಾನಾಕ್ಸೈಡೂ ಹೆಚ್ಚು. ಚಳಿಗಾಲದ ಬೆಳಗಿನ ಭಾರವಾದ ಗಾಳಿ ಅದನ್ನು ಮೇಲೇಳಲು ಬಿಡದೆ ಮೂಗಿನ ಮಟ್ಟದಲ್ಲೇ ಹಿಡಿದಿಡುತ್ತದೆ.

ಸುಡದೆ ಉಳಿದ ಎಲೆಯೇನೋ ಲಾರಿ ಏರುತ್ತದೆ. ಏರಿ ಹೋಗುವುದೆಲ್ಲಿಗೆ? ಈ ಪ್ರಶ್ನೆಯನ್ನು ಯಲಹಂಕದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಪಕ್ಕದ ಮಾವಳ್ಳಿಪುರದಲ್ಲಿ ನಗರದ ಕಸ ವರ್ಷಗಟ್ಟಲೆ ಬಿದ್ದು, ಬಾವಿ ಕೆರೆಗಳ ನೀರು ಕೆಟ್ಟು, ಜನ ರೊಚ್ಚಿಗೆದ್ದ ಮೇಲೆ 2012ರಲ್ಲಿ ಅದು ಮುಚ್ಚಿತು. ಮಂಡೂರಿನ ಸರದಿ 2014ರಲ್ಲಿ ಮುಗಿಯಿತು. ಆಮೇಲೆ ಮಿಟ್ಟಗಾನಹಳ್ಳಿಯ ಕಲ್ಲುಕ್ವಾರಿ. ಅದೂ ನಗರದ ಉತ್ತರ ದಿಕ್ಕಿನದೇ. 2025ರ ಮಾರ್ಚ್‌ನಲ್ಲಿ ಅಲ್ಲಿನವರು ಲಾರಿಗಳನ್ನು ತಡೆದಾಗ ಬೆಂಗಳೂರಿನ ಬೀದಿಗಳಲ್ಲಿ ಕಸ ದಿನಗಟ್ಟಲೆ ಕೊಳೆಯಿತು. ಪ್ಲಾಸ್ಟಿಕ್ಕು, ಡಯಾಪರು ಹಳ್ಳಿಗೆ ಹೋಗುವುದಕ್ಕೆ ನೆಪಗಳನ್ನಾದರೂ ಹೇಳಬಹುದು. ಬಿದ್ದಲ್ಲೇ ಮಣ್ಣಾಗಬಲ್ಲ ಹೊಂಗೆಯ ಎಲೆಯನ್ನು ಕ್ವಾರಿಯ ಗುಂಡಿಗೆ ತಳ್ಳುವುದಕ್ಕೆ ಯಾವ ಸಮರ್ಥನೆಯಿದೆ? ಗಾಳಿಯಾಡದ ಆ ಆಳದಲ್ಲಿ ಹಸಿ ಕಸದೊಡನೆ ಸೇರಿ ಅದು ಮಿಥೇನ್ ಅನಿಲವಾಗುತ್ತದೆ, ಗೊಬ್ಬರವಾಗುವುದಿಲ್ಲ.

ಇದರ ಹಣಕಾಸಿನ ಮುಖವನ್ನೂ ನೋಡಬೇಕು. 2025ರ ಏಪ್ರಿಲ್‌ನಿಂದ ಬೆಂಗಳೂರಿನ ಮನೆಗಳ ಮೇಲೆ ಕಸದ ಬಳಕೆದಾರ ಶುಲ್ಕ ಬಿದ್ದಿದೆ. ಕಟ್ಟಡದ ವಿಸ್ತೀರ್ಣಕ್ಕೆ ಅನುಗುಣವಾಗಿ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿವರೆಗೆ; ವಸೂಲಿ ಆಸ್ತಿ ತೆರಿಗೆಯ ಜೊತೆ. ಕಸ ಹಾಕುವವನು ಅದರ ಖರ್ಚಿಗೆ ಹಣ ಕೊಡಬೇಕೆಂಬ ತತ್ತ್ವ ಸರಿಯಾದದ್ದೇ. ಆದರೆ ಈ ಲೆಕ್ಕ ಅಳೆಯುವುದು ಕಾಂಕ್ರೀಟನ್ನು, ಕಸವನ್ನಲ್ಲ. ಅಂಗಳದ ಎಲೆಯನ್ನೆಲ್ಲ ಬುಡಕ್ಕೇ ಹಾಕಿಕೊಂಡು ಒಂದು ಚೀಲವನ್ನೂ ಹೊರಗಿಡದ ಮನೆಗೂ, ವಾರಕ್ಕೆ ಹತ್ತು ಚೀಲ ಬೀದಿಗೆ ತಳ್ಳುವ ಮನೆಗೂ ವಿಸ್ತೀರ್ಣ ಒಂದೇ ಆಗಿದ್ದರೆ ದರವೂ ಒಂದೇ. ಹೀಗಿರುವಾಗ ಗುಂಡಿ ತೋಡುವ ಶ್ರಮ ಯಾರಿಗೆ ಬೇಕು?

ಇವೆಲ್ಲಕ್ಕಿಂತ ದುಬಾರಿಯಾದ ಬೆಲೆಯೊಂದು ಯಾವ ರಸೀದಿಯಲ್ಲೂ ಕಾಣುವುದಿಲ್ಲ. ‘ಎಲೆ ಕಾಟ’ ತಾಳಲಾರದೆ ಮರ ತೆಗೆಸುವುದು ಈಗ ನಮ್ಮ ಬಡಾವಣೆಗಳಲ್ಲಿ ಸಾಮಾನ್ಯ ಸಂಗತಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಇದಕ್ಕೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಕಾಯ್ದೆಗೆ ಕೊಡಲಿ ಕಾಣುತ್ತದೆ, ಬುಡದವರೆಗೆ ಸುರಿದ ಸಿಮೆಂಟು ಕಾಣುವುದಿಲ್ಲ. ಗುಡಿಸಲು ಸುಲಭವೆಂದು ಅಂಗಳಕ್ಕೆ ಟೈಲ್ಸ್ ಹಾಸಿದ ಮನೆಯಲ್ಲಿ ಮಾವಿನ ಮರ ಎಷ್ಟು ವರ್ಷ ನಿಂತೀತು? ಬೇರಿಗೆ ನೀರಿಲ್ಲದೆ, ಉದುರಿಸಿದ ಎಲೆಯ ಸಾರವೂ ಮರಳಿ ಸಿಗದೆ ಅದು ಸೊರಗುತ್ತದೆ. ಆಮೇಲೆ ಮಳೆಗಾಲದ ಗಾಳಿಗೆ ಉರುಳಬಹುದೆಂಬ ಭಯಕ್ಕೆ ಕಡಿಯಲು ಅನುಮತಿಯೂ ಸಿಗುತ್ತದೆ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ನಗರದಲ್ಲಿ 15 ಲಕ್ಷ ಸಸಿಗಳನ್ನು ನೆಡಿಸಿದರು. 2021ರಲ್ಲಿ ಕೋವಿಡ್‌ಗೆ ಬಲಿಯಾದ ಆ ಹಿರಿಯರ ಸಸಿಗಳ ನೆರಳನ್ನು ಎಲ್ಲರೂ ಹೊಗಳುತ್ತೇವೆ. ನೆರಳು ಕೊಡುವ ಮರ ಎಲೆ ಉದುರಿಸಬಾರದೆಂದು ಬಯಸುವುದು ಹಾಲು ಬೇಕು, ಸಗಣಿ ಬೇಡ ಎಂದಂತೆ.

ಸಗಣಿಯ ಮಾತು ಬಂದದ್ದರಿಂದ ಮಲೆನಾಡನ್ನು ನೆನೆಯದೆ ವಿಧಿಯಿಲ್ಲ. ಶಿರಸಿ, ಸಿದ್ದಾಪುರದ ಅಡಿಕೆ ಬೆಳೆಗಾರರಿಗೆ ತೋಟದ ಒಂದು ಎಕರೆಗೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟದ ಸವಲತ್ತನ್ನು ಬ್ರಿಟಿಷರ ಕಾಲದಲ್ಲೇ ಕೊಡಲಾಗಿತ್ತು. ಸೊಪ್ಪನ್ನೂ ಬೇಸಗೆಯಲ್ಲಿ ಗುಡಿಸಿ ತಂದ ದರಗನ್ನೂ ಕೊಟ್ಟಿಗೆಗೆ ಹಾಸಿ, ದನಗಳ ಗಂಜಲದಲ್ಲಿ ನೆನೆಸಿ, ಗೊಬ್ಬರ ಮಾಡಿ ತೋಟಕ್ಕೆ ಹೊರುವುದು ಅಲ್ಲಿನ ಕೃಷಿಯ ಬೆನ್ನೆಲುಬು. ಅಲ್ಲಿ ಎಲೆ ಗುಡಿಸಲು ಆಳಿಗೆ ಕೂಲಿ ಕೊಡುವುದೂ ಉಂಟು, ಆದರೆ ಅದು ಎಲೆಯನ್ನು ಮನೆಗೆ ತರುವುದಕ್ಕೆ. ಅದೇ ಎಲೆಯನ್ನು ಹೊರಗೆ ಸಾಗಿಸಲು ಹಣ ಕೊಟ್ಟು, ಹೂಕುಂಡಕ್ಕೆಂದು ನರ್ಸರಿಯಿಂದ ಗೊಬ್ಬರದ ಚೀಲವನ್ನು ಮತ್ತೆ ಹಣ ಕೊಟ್ಟು ತರುವ ಜಾಣತನ ನಗರದವರದು. ‘ಕಸದಿಂದ ರಸ’ ಎಂಬ ಘೋಷಣೆ ಗೋಡೆಗಳ ಮೇಲೆ ಮಾಸುತ್ತಿದೆ.

ತರಗೆಲೆ ಗೊಬ್ಬರವಾಗುವುದು ನಿಧಾನ ಎಂಬ ದೂರಿನಲ್ಲಿ ಸತ್ಯವಿದೆ. ಎಲೆ ಕಳಚುವ ಮೊದಲು ಮರ ಅದರಲ್ಲಿನ ಸಾರಜನಕದ ಬಹುಪಾಲನ್ನು ಒಳಗೆಳೆದುಕೊಳ್ಳುತ್ತದೆ; ಉಳಿಯುವುದು ಹೆಚ್ಚಾಗಿ ಇಂಗಾಲ. ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಹಿತ. ಒಣ ಎಲೆಯಲ್ಲಿ ಅದು 50 ಪಾಲನ್ನೂ ಮೀರುವುದುಂಟು. ಆದ್ದರಿಂದ ಒಣ ಎಲೆಯ ಗುಡ್ಡೆಯನ್ನು ಸುಮ್ಮನೆ ಬಿಟ್ಟರೆ ವರ್ಷ ಹಿಡಿಯುತ್ತದೆ. ಎರಡು ಮೂರು ಬುಟ್ಟಿ ಎಲೆಗೆ ಒಂದು ಬುಟ್ಟಿ ತರಕಾರಿ ಸಿಪ್ಪೆ, ಮೇಲೆ ಒಂದಿಷ್ಟು ಸಗಣಿ ನೀರು ಅಥವಾ ಹುಳಿ ಮಜ್ಜಿಗೆ ಬೆರೆಸಿ, ಹಿಂಡಿದ ಬಟ್ಟೆಯಷ್ಟು ತೇವವಿರಿಸಿ, ಹದಿನೈದು ದಿನಕ್ಕೊಮ್ಮೆ ಮಗುಚಿದರೆ ಮೂರು ನಾಲ್ಕು ತಿಂಗಳು ಸಾಕು. ರಾಶಿ ತನ್ನಷ್ಟಕ್ಕೇ ಕಾಲು ಭಾಗಕ್ಕೆ ಇಳಿಯುತ್ತದೆ. ಹಾವು, ಚೇಳು ಸೇರುತ್ತವೆಂಬ ಭಯ ಮುಟ್ಟದೆ ಬಿಟ್ಟ ಒಣ ರಾಶಿಗೆ ಸಲ್ಲುತ್ತದೆ, ಮಗುಚುವ ರಾಶಿಗಲ್ಲ. ಮನೆಯ ಗೋಡೆಗೆ ಒತ್ತಿ ಹಾಕಿದರೆ ಗೆದ್ದಲು ಬಂದೀತು; ದೂರವಿಡುವುದೇ ಪರಿಹಾರ.

ನಿಜವಾದ ತೊಡಕು ಇರುವುದು 30×40ರ ನಿವೇಶನಗಳಲ್ಲಿ. ಅಂಚಿನಿಂದ ಅಂಚಿಗೆ ಕಟ್ಟಿದ ಮನೆಗೆ ಹಿಡಿ ಮಣ್ಣೂ ಇಲ್ಲ. ಎಲೆ ಬೀಳುವುದು ಎದುರಿನ ಪಾದಚಾರಿ ದಾರಿಯ ಮರದಿಂದ. ಅಂಥವರಿಗೆ ಗುಂಡಿ ತೋಡಿ ಎಂದು ಉಪದೇಶಿಸುವುದು ಅವಿವೇಕ. ಪುಣೆಯಲ್ಲಿ 2016ರಲ್ಲಿ ಅದಿತಿ ದೇವಧರ್ ಆರಂಭಿಸಿದ ‘ಬ್ರೌನ್ ಲೀಫ್’ ಇಂಥ ಕಡೆ ನೆನಪಾಗುತ್ತದೆ. ಎಲೆ ಹೆಚ್ಚಾದವರನ್ನೂ, ತಾರಸಿ ತೋಟಕ್ಕೆ ಎಲೆ ಬೇಕಾದವರನ್ನೂ ಪರಸ್ಪರ ಪರಿಚಯಿಸಿದ್ದಷ್ಟೇ ಅವರು ಮಾಡಿದ್ದು. ತಾರಸಿಯಲ್ಲಿ ಟೊಮ್ಯಾಟೊ, ಸೊಪ್ಪು ಬೆಳೆಯುವವರಿಗೆ ಯಲಹಂಕ, ಸಹಕಾರನಗರಗಳಲ್ಲಿ ಬರವಿಲ್ಲ.

ಇದು ನಮ್ಮ ಊರಿಗೆ ಮಾತ್ರ ಬಂದ ಕಷ್ಟವೂ ಅಲ್ಲ. ಶರತ್ಕಾಲದಲ್ಲಿ ಅಂಗಳದ ಎಲೆ ತೆಗೆಸಲು ಕೊಟ್ಟ ಡಾಲರುಗಳ ಲೆಕ್ಕ ಹೇಳಿ ಅಮೆರಿಕದ ನಮ್ಮ ಮಕ್ಕಳು ದೂರುತ್ತಾರೆ. ಅಲ್ಲಿನ ಸರ್ಕಾರದ ಲೆಕ್ಕದಂತೆ 2018ರಲ್ಲಿ ಆ ದೇಶದ ಅಂಗಳಗಳಿಂದ ಹೊರಟ ಎಲೆ, ಹುಲ್ಲು, ರೆಂಬೆಗಳ ತೂಕ 3.54 ಕೋಟಿ ಟನ್. ಅದರಲ್ಲಿ ಶೇ 63ರಷ್ಟು ಗೊಬ್ಬರವಾಯಿತು. ಗೊಬ್ಬರವಾದದ್ದು ಜನರ ಸದ್ಗುಣದಿಂದಲ್ಲ. ಹಲವು ರಾಜ್ಯಗಳು ಅಂಗಳದ ಎಲೆಯನ್ನು ಕಸದ ಗುಂಡಿಗೆ ಸುರಿಯುವುದನ್ನೇ ನಿಷೇಧಿಸಿದ್ದರಿಂದ, ಮತ್ತು ಅದನ್ನು ಬೇರೆಯಾಗಿ ಒಯ್ಯುವ ದಿನವನ್ನು ಗೊತ್ತುಪಡಿಸಿದ್ದರಿಂದ.

2007ರವರೆಗೆ ಯಲಹಂಕಕ್ಕೆ ತನ್ನದೇ ನಗರಸಭೆಯಿತ್ತು. ಬಳಿಕ ಅದು ಬೃಹತ್ ಪಾಲಿಕೆಯ ಒಂದು ಮೂಲೆಯಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಆ ಪಾಲಿಕೆಯೇ ಐದು ಹೋಳಾಗಿ, ಉತ್ತರಕ್ಕೊಂದು ನಗರ ಪಾಲಿಕೆ ಬಂದಿದೆ. ಆಡಳಿತವನ್ನು ಜನರ ಹತ್ತಿರ ತರುವುದೇ ವಿಭಜನೆಯ ಉದ್ದೇಶವೆಂದು ಹೇಳಲಾಗಿದೆ. ಹಾಗಿದ್ದಲ್ಲಿ ಹತ್ತಿರದ ಆಡಳಿತ ಮಾಡಬಹುದಾದ ಅತಿ ಅಗ್ಗದ ಕೆಲಸ ಇದೇ. ಪ್ರತಿ ಉದ್ಯಾನದ ಮೂಲೆಯಲ್ಲಿ ತಂತಿಬಲೆ ಸುತ್ತಿದ ಎರಡು ಎಲೆಗೂಡು. ಒಂದು ತುಂಬುವಾಗ ಇನ್ನೊಂದು ಮಾಗುತ್ತದೆ. ಮೋಟರು ಬೇಡ, ಟೆಂಡರು ಕರೆಯುವಷ್ಟು ದೊಡ್ಡ ಮೊತ್ತವೂ ಬೇಡ. ಬಹುಶಃ ಅದಕ್ಕೇ ಅದು ಯಾರ ಗಮನಕ್ಕೂ ಬರುವುದಿಲ್ಲ. ಜನವರಿಯಿಂದ ಮಾರ್ಚ್‌ವರೆಗೆ ವಾರಕ್ಕೊಂದು ದಿನ ಎಲೆಗೆಂದೇ ಟಿಪ್ಪರ್ ಬಂದರೂ ಅದು ಹೋಗಬೇಕಾದ್ದು ಎರಡು ಬೀದಿ ಆಚೆಗೆ, ಕ್ವಾರಿಗಲ್ಲ.

ಮನೆಯವರಿಗೆ ಕೊಡಬೇಕಾದ ಉತ್ತೇಜನಕ್ಕೂ ಹೊಸ ವ್ಯವಸ್ಥೆ ಬೇಕಾಗಿಲ್ಲ. ಏಪ್ರಿಲ್‌ನಲ್ಲಿ ಪೂರ್ತಿ ಆಸ್ತಿ ತೆರಿಗೆ ಕಟ್ಟಿದವರಿಗೆ ಶೇ 5ರ ರಿಯಾಯಿತಿ ಕೊಡುವುದು ಬೆಂಗಳೂರಿಗೆ ಹಳೆಯ ಅಭ್ಯಾಸ. ಕಸದ ಶುಲ್ಕವೂ ಅದೇ ಬಿಲ್ಲಿನಲ್ಲಿರುವಾಗ, ಎಲೆಯನ್ನೂ ಅಡುಗೆಮನೆಯ ಕಸವನ್ನೂ ಒಳಗೇ ಕರಗಿಸಿಕೊಂಡ ಮನೆಗೆ ಆ ಶುಲ್ಕದಲ್ಲಿ ಅರ್ಧವನ್ನಾದರೂ ಬಿಡಬಹುದು. ಸುಳ್ಳು ಹೇಳುವವರನ್ನು ಹಿಡಿಯುವುದು ಹೇಗೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಯುಗಾದಿಯ ಹೊತ್ತಿಗೆ ಹೊಂಗೆ ಪೂರ್ತಿ ಎಲೆ ಕಳಚಿ ಚಿಗುರಿರುತ್ತದೆ. ಏಪ್ರಿಲ್‌ನಲ್ಲಿ ಗೇಟು ತೆರೆದು ನೋಡುವ ಆರೋಗ್ಯ ನಿರೀಕ್ಷಕರಿಗೆ ಅರ್ಧ ಇಳಿದ, ಕೈಯಿಟ್ಟರೆ ಬೆಚ್ಚಗಿರುವ ರಾಶಿ ಮರದ ಬುಡದಲ್ಲಿ ಇದೆಯೋ ಇಲ್ಲವೋ ತಿಳಿಯಲು ಎರಡು ನಿಮಿಷ ಸಾಕು.