ಹಳೇ ಕಂಪ್ಯೂಟರಿನಲ್ಲಿ ಹೂತುಹೋಗುತ್ತಿದೆ ನಮ್ಮ ಕನ್ನಡ!

ಕನ್ನಡದ ತರುಣ ಮಿತ್ರರೇ,

ನಾನು ನವಲಗುಂದ ತಾಲೂಕಿನ ಒಬ್ಬ ಮುದ್ರಕ. ಓದಿದ್ದು ಪಿಯುಸಿ. ಅಪ್ಪನ ಕಾಲದ ಟ್ರೆಡಲ್ ಯಂತ್ರದ ಪಕ್ಕ ನಿಂತು ಮೊಳೆ ಜೋಡಿಸಲು ಕಲಿತವನು. ಲಗ್ನಪತ್ರಿಕೆ, ರಸೀದಿ ಪುಸ್ತಕ, ಜಾತ್ರೆಯ ಕರಪತ್ರ, ಸೊಸೈಟಿಯ ವಾರ್ಷಿಕ ವರದಿ, ಇವೇ ನಮ್ಮ ಅನ್ನ. ಕಂಪ್ಯೂಟರಿನ ಬಗ್ಗೆ ನಿಮಗೆ ಪಾಠ ಹೇಳುವ ಯೋಗ್ಯತೆ ನನಗಿಲ್ಲ. ಆದರೂ ಹೇಳಲೇಬೇಕಾಗಿದೆ. ಏಕೆಂದರೆ ಆ ಪಾಠ ಓದಿದ ನೀವು ಬಾಯಿ ಬಿಡುತ್ತಿಲ್ಲ!

ನಡೆದದ್ದನ್ನು ಹೇಳುತ್ತೇನೆ. ನಮ್ಮ ಕಡೆಯ ಒಬ್ಬ ಸಾಲಿ ಮಾಸ್ತರರು ಊರೂರು ತಿರುಗಿ ಹಂತಿ ಪದಗಳನ್ನು ಬರೆದುಕೊಂಡಿದ್ದರು. ಕಣದಲ್ಲಿ ಎತ್ತು ಕಟ್ಟಿ ರಾಶಿ ಮಾಡುವಾಗ ಹಾಡುತ್ತಿದ್ದ ಹಾಡುಗಳು. ಈಗ ಯಂತ್ರ ಬಂದು ಕಣವೂ ಹೋಯಿತು, ಹಾಡುವವರೂ ಹೋದರು. 2004ರಲ್ಲಿ ಆ ಪುಸ್ತಕವನ್ನು ನಾನೇ 500 ಪ್ರತಿ ಅಚ್ಚು ಹಾಕಿಕೊಟ್ಟೆ. ಮಾಸ್ತರರು ತೀರಿಕೊಂಡರು. ಅವರ ಮಗಳು ಪ್ರೆಸ್ಸಿಗೆ ಬಂದಳು.

"ಅಣ್ಣಾರ, ಅಪ್ಪನ ಪುಸ್ತಕ ಇನ್ನೊಮ್ಮೆ ಅಚ್ಚ ಹಾಕಿ ಕೊಡ್ರಿ. ಮನ್ಯಾಗ ಒಂದ ಪ್ರತಿ ಉಳದೈತಿ. ಅದಕ್ಕೂ ಗೆದ್ದಲ ಹತ್ತಿ ಅರ್ಧಾ ಹೋಗೈತಿ."

"ಅದಕ್ಯಾಕ ಚಿಂತಿ ತಂಗಿ, ಫೈಲ್ ಐತಿ" ಅಂದೆ. ಬಾಯಿ ಬಿಟ್ಟು ಅಂದುಬಿಟ್ಟೆ! ಕಪಾಟಿನ ಸಿಡಿ ತೆಗೆದು ಹೊಸ ಕಂಪ್ಯೂಟರಿಗೆ ಹಾಕಿದರೆ ಪುಟದ ತುಂಬ ಇಂಗ್ಲಿಷ್ ಅಕ್ಷರ, ಡಾಲರ್ ಗುರುತು, ಚುಕ್ಕೆ, ಕೊಕ್ಕೆ. ಒಂದಕ್ಷರ ಕನ್ನಡವಿಲ್ಲ. ಹಳೇ ವಿಂಡೋಸ್ ಎಕ್ಸ್‌ಪಿ ಮಷೀನು ಮೂಲೆಯಲ್ಲಿತ್ತು. ಸ್ವಿಚ್ ಒತ್ತಿದೆ. ಸುಟ್ಟ ವಾಸನೆ ಬಂತು. ಅಲ್ಲಿಗೆ ಅದರ ಕಥೆ ಮುಗಿಯಿತು. ಆ ಹುಡುಗಿಯ ಮುಖ ನೋಡಲು ನನಗೆ ನಾಚಿಕೆಯಾಯಿತು.

ಹೀಗೇಕಾಯಿತು? ಯುನಿಕೋಡ್‌ನ ಮೊದಲ ಆವೃತ್ತಿ ಬಂದ 1991ರಲ್ಲೇ ಕನ್ನಡಕ್ಕೆ ಅದರಲ್ಲಿ ಜಾಗ ಸಿಕ್ಕಿತ್ತು. ಆದರೆ ನಮ್ಮ ಡಿಟಿಪಿಗೆ ಅದು ಬರಲಿಲ್ಲ. ಒಂದೊಂದು ಕಂಪನಿ ಕನ್ನಡದ ಅಕ್ಷರವನ್ನು ತುಂಡು ಮಾಡಿ, ತಲೆಕಟ್ಟು, ಕೊಂಬು, ಒತ್ತುಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕೂರಿಸಿತು. ಒಂದು ಕಂಪನಿ ಕೂರಿಸಿದಂತೆ ಇನ್ನೊಂದು ಕೂರಿಸಲಿಲ್ಲ. ನಾವು ಪುಟ ಕಟ್ಟುತ್ತಿದ್ದ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದಕ್ಕೆ ಯುನಿಕೋಡ್ ಗೊತ್ತೇ ಇರಲಿಲ್ಲ. ಹೀಗಾಗಿ ನಮ್ಮ ಫೈಲಿನಲ್ಲಿ ಇರುವುದು ಕನ್ನಡವಲ್ಲ, ಕನ್ನಡದ ವೇಷ ಹಾಕಿದ ಇಂಗ್ಲಿಷ್ ಅಂಕಿಗಳು! ಆ ಫಾಂಟು, ಆ ತಂತ್ರಾಂಶ, ಅದರ ಬೀಗ ಇದ್ದ ಮಷೀನಿನಲ್ಲಷ್ಟೇ ಅದು ಕನ್ನಡ.

1982ರ ಗೋಕಾಕ್ ಚಳವಳಿಯ ಕಾಲದ ಕರಪತ್ರ ಯಾರ ಮನೆಯಲ್ಲಾದರೂ ಉಳಿದಿದ್ದರೆ ಇಂದೂ ಓದಬಹುದು. 2004ರ ಫೈಲನ್ನು ಓದಲಾಗದು! ಇದು ಪ್ರಗತಿಯೇ?

ಪಂಚಮಿ ಹಬ್ಬಕ್ಕೆ ಊರಿಗೆ ಬಂದಿದ್ದ ಓಣಿಯ ಹುಡುಗನೊಬ್ಬ ನನ್ನ ಗೋಳು ಕೇಳಿದ. ಬೆಂಗಳೂರಿನ ಕಂಪನಿಯೊಂದರಲ್ಲಿ ಅವನ ಕೆಲಸ.

"ಮಷೀನ್ ಸತ್ತರ ಸಾಯಲಿ ಕಾಕಾ, ಡಿಸ್ಕ್ ಜೀವಂತ ಐತಿ. ಅದನ್ನ ಬ್ಯಾರೆ ಮನ್ಯಾಗ ಎಬ್ಬಸೋಣು" ಅಂದ.

ಹಳೇ ಹಾರ್ಡ್ ಡಿಸ್ಕ್ ಬಿಚ್ಚಿ ಅದರ ಪೂರ್ತಿ ನಕಲನ್ನು ಒಂದೇ ದೊಡ್ಡ ಫೈಲಾಗಿ ತೆಗೆದ. ಬೇರೊಂದು ಕಂಪ್ಯೂಟರಿನಲ್ಲಿದ್ದ ವಿಂಡೋಸನ್ನು ಪೂರ್ತಿ ಅಳಿಸಿದ. ಅದರ ಜಾಗದಲ್ಲಿ ಪ್ರಾಕ್ಸ್‌ಮಾಕ್ಸ್ ಎಂಬುದನ್ನು ಕೂರಿಸಿದ. 2008ರಿಂದ ಇರುವ, ಕಾಸು ಕೊಡದೆ ಸಿಗುವ ತಂತ್ರಾಂಶ. ಇಂಥದ್ದಕ್ಕೆ ಹೈಪರ್‌ವೈಸರ್ ಎನ್ನುತ್ತಾರೆ.

ನನಗೆ ತಿಳಿದಂತೆ ಹೇಳುತ್ತೇನೆ. ಅಣ್ಣತಮ್ಮಂದಿರು ಪಾಲಾದಾಗ ಒಂದೇ ಮನೆಯಲ್ಲಿ ಮೂರು ಒಲೆ ಹೂಡುತ್ತಾರಲ್ಲ, ಹಾಗೆ. ಯಂತ್ರ ಒಂದೇ. ಅದರ ಪ್ರೊಸೆಸರ್, ಮೆಮೊರಿ, ಡಿಸ್ಕುಗಳನ್ನು ಹೈಪರ್‌ವೈಸರ್ ಪಾಲು ಹಾಕಿ ಕೊಡುತ್ತದೆ. ಒಂದು ಪಾಲಿನಲ್ಲಿ ಎಕ್ಸ್‌ಪಿ, ಇನ್ನೊಂದರಲ್ಲಿ ಲಿನಕ್ಸ್, ಮತ್ತೊಂದರಲ್ಲಿ ಹೊಸ ವಿಂಡೋಸ್. ಪ್ರತಿಯೊಂದೂ ಇಡೀ ಮನೆ ತನ್ನದೇ ಎಂದು ತಿಳಿದಿರುತ್ತದೆ!

ವರ್ಚುವಲ್‌ಬಾಕ್ಸ್‌ನಂಥವೂ ಇವೆಯಲ್ಲ ಎಂದು ನೀವು ಕೇಳಬಹುದು. ಇವೆ. ಒಬ್ಬನ ಒಂದೆರಡು ಫೈಲಿಗೆ ಅದೇ ಸಾಕು. ಆದರೆ ಅದು ವಿಂಡೋಸಿನ ಮೇಲೆ ಬಾಡಿಗೆಗೆ ಕೂತದ್ದು. ಮನೆ ಮಾಲೀಕ ನಡುರಾತ್ರಿ ಅಪ್‌ಡೇಟ್ ಎಂದು ಎದ್ದರೆ ಬಾಡಿಗೆಯವನೂ ಏಳಬೇಕು. ನೇರ ಯಂತ್ರದ ಮೇಲೆ ಕೂರುವ ಹೈಪರ್‌ವೈಸರಿಗೆ ಆ ಮಾಲೀಕನ ಹಂಗಿಲ್ಲ. ಹತ್ತು ಪ್ರೆಸ್ಸುಗಳ ಹತ್ತು ಹಳೇ ಮಷೀನು ಒಂದೇ ಕಡೆ ಇಡಬೇಕೆಂದರೆ ಇದೇ ಸರಿ. ಇದೇನು ಹೊಸದಲ್ಲ. ಐಬಿಎಂನವರು 1972ರಲ್ಲೇ ತಮ್ಮ ದೊಡ್ಡ ಯಂತ್ರಗಳಿಗೆ ಇದನ್ನು ಮಾರುತ್ತಿದ್ದರು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು 2003ರಲ್ಲಿ ಝೆನ್ ಎಂಬುದನ್ನು ಸಾಮಾನ್ಯ ಪಿಸಿ ಯಂತ್ರಗಳಿಗೆ ತಂದರು. 2005-06ರಿಂದ ಇಂಟೆಲ್, ಎಎಂಡಿ ಪ್ರೊಸೆಸರುಗಳೊಳಗೇ ಇದಕ್ಕೆ ಬೇಕಾದ ಅನುಕೂಲ ಬರತೊಡಗಿತು.

ಸಲೀಸಾಗಿ ಆಯಿತು ಎಂದು ಸುಳ್ಳು ಹೇಳಲಾರೆ. ಮೊದಲ ಸಲ ನೀಲಿ ಪರದೆ ಬಂದು ನಿಂತಿತು. ಎಕ್ಸ್‌ಪಿಗೆ ಹೊಸ ನಮೂನೆಯ ಡಿಸ್ಕ್ ಗುರುತು ಹತ್ತಲಿಲ್ಲ. ಹಳೇ ಐಡಿಇ ನಮೂನೆ ಎಂದು ಬದಲಿಸಿದ ಮೇಲೆ ಎದ್ದಿತು. ಆ ಯಂತ್ರದ ಸ್ವಂತ ಪರದೆಯಲ್ಲಿ ಕಾಣುವುದು ಬರೀ ಕರಿ ಹಿನ್ನೆಲೆಯ ಅಕ್ಷರ. ಎಕ್ಸ್‌ಪಿ ನೋಡಬೇಕೆಂದರೆ ಪಕ್ಕದ ಇನ್ನೊಂದು ಕಂಪ್ಯೂಟರಿನ ಬ್ರೌಸರ್ ತೆರೆಯಬೇಕು. ಫಾಂಟಿನ ಬೀಗ ಯುಎಸ್‌ಬಿಯದ್ದಾದ್ದರಿಂದ ಅದನ್ನು ಎಕ್ಸ್‌ಪಿಯ ಪಾಲಿಗೆ ಕೊಡಲು ಸಾಧ್ಯವಾಯಿತು. ಹಿಂದೆ ಪ್ರಿಂಟರಿನ ಅಗಲ ಪೋರ್ಟಿಗೆ ಸಿಕ್ಕಿಸುತ್ತಿದ್ದ ಬೀಗವಾಗಿದ್ದರೆ ಇನ್ನಷ್ಟು ಗೋಳು. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೇ ಬೆಂಬಲ ನಿಲ್ಲಿಸಿದೆ. ಆದ್ದರಿಂದ ಅದರ ಪಾಲಿಗೆ ಇಂಟರ್ನೆಟ್ ಕೊಡಲಿಲ್ಲ. ಬಾಗಿಲು ಮುಚ್ಚಿಯೇ ಇಟ್ಟೆವು.

ಕಡೆಗೆ ಪೇಜ್‌ಮೇಕರ್ ತೆರೆಯಿತು. ಮಾಸ್ತರರ ಹಂತಿ ಪದ ಕನ್ನಡದಲ್ಲಿ ಕಂಡಿತು! ಮಗಳು ಪರದೆಯ ಮೇಲೆ ಕೈಯಿಟ್ಟು ಅತ್ತಳು.

ಆದರೆ ಮಿತ್ರರೇ, ನನ್ನ ಮುಖ್ಯ ಮಾತು ಇಲ್ಲಿಂದ. ಹಳೇ ಯಂತ್ರವನ್ನು ಎಬ್ಬಿಸಿದರೆ ಕನ್ನಡ ಉಳಿಯಿತು ಎಂದು ತಿಳಿದರೆ ನಾವು ಮೂರ್ಖರು. ಅದು ಜೀವ ಹಿಡಿದು ನಿಲ್ಲಿಸಿದ್ದಷ್ಟೇ. ಬೀಗ ಮುರಿದರೆ, ಆ ದೊಡ್ಡ ಫೈಲು ಕೆಟ್ಟರೆ ಮತ್ತೆ ಅದೇ ಕತ್ತಲೆ. ಸಿಕ್ಕ ಅವಕಾಶದಲ್ಲಿ ಒಳಗಿನ ಪಠ್ಯವನ್ನು ಯುನಿಕೋಡಿಗೆ ತಂದು ಹೊರಗಿಡಬೇಕು. ನಾವು ಪುಟಪುಟದ ಪಠ್ಯ ಹೊರತೆಗೆದು, ಆ ಫಾಂಟಿನ ಅಕ್ಷರಪಟ್ಟಿ ಹಿಡಿದು ಪರಿವರ್ತಿಸಿದೆವು. ಹಳೇ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂತಿರುತ್ತದೆ. ಯುನಿಕೋಡಿನಲ್ಲಿ ರ್ ಮೊದಲು ಬರಬೇಕು. ಅಲ್ಲೆಲ್ಲ ತಪ್ಪು. ಮಗಳು ಗೆದ್ದಲು ತಿಂದ ಪ್ರತಿ ಹಿಡಿದು ಓದಿದಳು, ನಾನು ಕರಡು ತಿದ್ದಿದೆ. ಮೂರು ರಾತ್ರಿ ಹಿಡಿಯಿತು. ಈಗ ಆ ಪದಗಳು ಯಾವ ಮೊಬೈಲಿನಲ್ಲಾದರೂ ತೆರೆಯುತ್ತವೆ.

ಇದು ನನ್ನೊಬ್ಬನ ಕಪಾಟಿನ ಕಥೆಯೇ? ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳಲ್ಲಿ ಆ ಕಾಲದಲ್ಲಿ ಡಿಟಿಪಿ ಮಾಡಿದ ಯಾವ ಪ್ರೆಸ್ಸಿಗಾದರೂ ಹೋಗಿ ಕೇಳಿ. ಭಜನಾ ಪದ, ಊರಿನ ಇತಿಹಾಸ, ಸ್ಮರಣ ಸಂಚಿಕೆ, ಕವನ ಸಂಕಲನ. ಇವು ಬೆಂಗಳೂರಿನ ಪ್ರಕಾಶಕರ ಪಟ್ಟಿಯಲ್ಲಿಲ್ಲ. ಪಂಪನ ಊರು ಎಂದು ಅಣ್ಣಿಗೇರಿಗೆ ಕೈಮುಗಿಯುತ್ತೇವೆ. ಆ ಊರಿನ ಇಂದಿನ ಕವಿಯ ಫೈಲು ಗುಜರಿಯವನ ತಕ್ಕಡಿಗೆ ಬಿದ್ದರೆ ಯಾರಿಗೂ ನೋವಿಲ್ಲ!

"ಹೋಗಲಿ, ಮತ್ತೆ ಟೈಪ್ ಮಾಡಿಸಿ" ಎನ್ನುವವರಿದ್ದಾರೆ. ಯಾರ ದುಡ್ಡಿನಿಂದ? ಮೂಲ ಪ್ರತಿಯೇ ಇಲ್ಲದಿದ್ದರೆ ಯಾವುದನ್ನು ನೋಡಿ?

ಈ ಹೈಪರ್‌ವೈಸರ್ ಕೆಲಸ ಮಾಡುವ ಕಂಪನಿಗಳ ಕಚೇರಿಗಳು ಬೆಂಗಳೂರಿನಲ್ಲೇ ಇವೆ. ಅಲ್ಲಿ ದುಡಿಯುವ ಕನ್ನಡದ ಹುಡುಗ ಹುಡುಗಿಯರೇ, ಅಮೆರಿಕದ ಬ್ಯಾಂಕಿನ ಹಳೇ ಲೆಕ್ಕಕ್ಕೆ ಹೊಸ ಮನೆ ಕಟ್ಟಿಕೊಡುವ ನಿಮಗೆ ನಿಮ್ಮ ಅಜ್ಜಿಯ ಹಾಡಿಗೆ ಒಂದು ಕೋಣೆ ಕಟ್ಟಲು ಬಾರದೇ?

ಯಂತ್ರಕ್ಕೂ ಬರವಿಲ್ಲ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ನಿಂತಿತು. ವಿಂಡೋಸ್ 11 ಹಿಡಿಸದ, ಆದರೆ ಗಟ್ಟಿಮುಟ್ಟಾದ ಪಿಸಿಗಳನ್ನು ಕಚೇರಿಗಳು ಗುಜರಿಗೆ ಹಾಕುತ್ತಿವೆ. ಅಂಥದ್ದೊಂದಕ್ಕೆ 16 ಜಿಬಿ ಮೆಮೊರಿ ಹಾಕಿ. ಒಂದೊಂದು ಎಕ್ಸ್‌ಪಿಗೆ 1 ಜಿಬಿ ಕೊಟ್ಟರೂ ಹತ್ತು ಪ್ರೆಸ್ಸಿನ ಹಳೇ ಮಷೀನು ಅದರಲ್ಲಿ ಕೂರುತ್ತವೆ.

ನನ್ನ ಬೇಡಿಕೆ ಮೂರೇ. ಒಂದು, ಪ್ರತಿ ತಾಲೂಕಿನ ಗ್ರಂಥಾಲಯದಲ್ಲಿ ಇಂಥದ್ದೊಂದು ಯಂತ್ರ ಇರಲಿ. ಪ್ರೆಸ್ಸಿನವರು ತಮ್ಮ ಹಳೇ ಡಿಸ್ಕ್ ತಂದು ಪಠ್ಯ ತೆಗೆದುಕೊಂಡು ಹೋಗಲಿ. ಎರಡು, ಇದನ್ನು ಕೂರಿಸುವ ವಿಧಾನವನ್ನು ನನ್ನಂಥ ಪಿಯುಸಿ ಓದಿದವನಿಗೆ ತಿಳಿಯುವಂತೆ ಕನ್ನಡದಲ್ಲಿ ಬರೆಯಿರಿ. ನಾನು ಅಚ್ಚು ಹಾಕಿಕೊಡುತ್ತೇನೆ, ಕಾಗದದ ಖರ್ಚೂ ನನ್ನದೇ. ಮೂರು, ನಿಮ್ಮ ಸಂಘಗಳ ಸ್ಮರಣ ಸಂಚಿಕೆ ಅಚ್ಚಾದಾಗ ಪುಸ್ತಕದ ಜೊತೆ ಯುನಿಕೋಡ್ ಪಠ್ಯವನ್ನೂ ಮುದ್ರಕನಿಂದ ಕೇಳಿ ಪಡೆಯಿರಿ. ಕೊಡದಿದ್ದರೆ ಬಿಲ್ಲು ಕೊಡಬೇಡಿ, ಮುದ್ರಕ ನಾನೇ ಆಗಿದ್ದರೂ ಸರಿ!

ಬೋರ್ಡಿನ ಮೇಲಿನ ಕನ್ನಡಕ್ಕಾಗಿ ಬೀದಿಗಿಳಿಯುತ್ತೀರಿ, ಸಂತೋಷ. ಡಿಸ್ಕಿನೊಳಗಿನ ಕನ್ನಡಕ್ಕೆ ಘೋಷಣೆ ಬೇಡ, ಒಂದು ಸ್ಕ್ರೂಡ್ರೈವರ್ ಸಾಕು. ಮುಂದಿನ ಪಂಚಮಿಗೆ ಊರಿಗೆ ಬರುವಾಗ ತನ್ನಿ. ನಮ್ಮ ಪ್ರೆಸ್ಸಿನ ಬಾಗಿಲು ತೆರೆದಿರುತ್ತದೆ. ಉಂಡಿ, ಚಹಾ ನಮ್ಮ ಕಡೆಯಿಂದ.

ಸಿರಿಗನ್ನಡಂ ಗೆಲ್ಗೆ!