ಊರಿಗೊಂದು ಬೆಂಕಿ ಪಡೆ ಏಕೆ ಬೇಡ?

ಸುಗ್ಗಿ ಮುಗಿದು ರಾಗಿ ಹುಲ್ಲು ಮೆದೆ ಸೇರಿತೆಂದರೆ ರೈತನಿಗೆ ಮುಂದಿನ ಸುಗ್ಗಿಯವರೆಗೆ ದನಕರುಗಳ ಮೇವಿನ ಚಿಂತೆ ಇರುವುದಿಲ್ಲ. ಆದರೆ ಶಿವರಾತ್ರಿ ಕಳೆದು ಮೊದಲ ಮಳೆ ಬೀಳುವವರೆಗೆ ಆ ಮೆದೆಯನ್ನು ಸುಡಲು ಒಂದು ಬೀಡಿಯ ತುಂಡು ಸಾಕು. ಗಾಳಿಗೆ ಒಂದಕ್ಕೊಂದು ತಾಗಿ ಕಿಡಿ ಉದುರಿಸುವ ವಿದ್ಯುತ್ ತಂತಿಯೂ ಸಾಕು. ಚಾಮರಾಜನಗರದಿಂದಲೋ ಗುಂಡ್ಲುಪೇಟೆಯಿಂದಲೋ ಅಗ್ನಿಶಾಮಕ ವಾಹನ ಹೊರಟು ಕಾಡಂಚಿನ ಹಳ್ಳಿಯನ್ನು ಮುಟ್ಟುವ ವೇಳೆಗೆ ಉಳಿದಿರುವುದು ಬೂದಿ ಮಾತ್ರ. ಇದಕ್ಕೆ ಆ ಸಿಬ್ಬಂದಿಯನ್ನು ದೂರಿ ಫಲವಿಲ್ಲ. ದಾರಿ ಉದ್ದ, ಬೆಂಕಿಯ ಓಟ ಜೋರು. ಹಾಗಾದರೆ ವಾಹನ ಬರುವ ತನಕದ ಆ ಅರ್ಧ ಗಂಟೆಯನ್ನು ಯಾರು ನೋಡಿಕೊಳ್ಳಬೇಕು?

ಹಿಂದೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಹುಲ್ಲು ಹೊದಿಸಿದ ಮನೆಗಳು ಒತ್ತೊತ್ತಾಗಿದ್ದ ಕಾಲದಲ್ಲಿ ಒಂದು ಸೂರಿಗೆ ಕಿಡಿ ತಗುಲಿದರೆ ಇಡೀ ಕೇರಿಯೇ ಹೋಗುವ ಭಯವಿತ್ತು. ತಮಟೆ ಬಡಿದ ಕೂಡಲೆ ಕೊಡ ಹಿಡಿದು ಬಾರದವನು ಊರಿನಲ್ಲಿ ಮುಖ ಎತ್ತಿ ತಿರುಗುವಂತಿರಲಿಲ್ಲ. ಬಾವಿಯಿಂದ ಮನೆಯವರೆಗೆ ಜನ ಸಾಲಾಗಿ ನಿಂತು ಕೈಯಿಂದ ಕೈಗೆ ನೀರು ದಾಟಿಸುತ್ತಿದ್ದರು. ಮೈಸೂರು ಸೀಮೆಯ ಹಿರಿಯರು ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ಇಡುತ್ತಿದ್ದರಿಂದ ಹುಳುವಿನಿಂದ ಮಾತ್ರವಲ್ಲ, ಬೆಂಕಿಯಿಂದಲೂ ಕಾಳು ಉಳಿಯುತ್ತಿತ್ತು. ಮನೆ ಸುಟ್ಟರೂ ಹಿಟ್ಟಿಗೆ ತತ್ವಾರವಾಗುತ್ತಿರಲಿಲ್ಲ. ದಾಖಲೆ, ಸಮವಸ್ತ್ರ ಒಂದೂ ಇಲ್ಲದಿದ್ದರೂ ಅದು ಊರಿನ ಬೆಂಕಿ ಪಡೆಯೇ ಆಗಿತ್ತು.

ಅನಂತರ ಕಾನೂನುಗಳು ಬಂದವು. 1962ರಲ್ಲಿ ಗೃಹರಕ್ಷಕ ದಳದ ಕಾಯ್ದೆ, 1963ರಲ್ಲಿ ಅರಣ್ಯ ಕಾಯ್ದೆ, 1964ರಲ್ಲಿ ಅಗ್ನಿಶಾಮಕ ದಳದ ಕಾಯ್ದೆ. ಈ ಕೊನೆಯ ಕಾಯ್ದೆಯಲ್ಲಿ ಸ್ವಯಂಸೇವಕರನ್ನು ಸೇರಿಸಿಕೊಂಡು ಸಹಾಯಕ ದಳ ಕಟ್ಟಲು ಸರ್ಕಾರಕ್ಕೆ ಅವಕಾಶವಿದೆ ಎಂಬುದನ್ನು ನಮ್ಮಲ್ಲಿ ಬಹುಮಂದಿ ಅರಿಯರು. ಅರಣ್ಯ ಕಾಯ್ದೆಯಾದರೋ ಕಾಡಿನಲ್ಲಿ ಹಕ್ಕು ಅಥವಾ ಪರವಾನಗಿ ಪಡೆದವರು ಬೆಂಕಿ ಆರಿಸಲು ನೆರವಾಗಲೇಬೇಕೆಂದು ವಿಧಿಸುತ್ತದೆ. ಆದರೆ ಕಾಗದದ ಮೇಲಿನ ಕರ್ತವ್ಯ ಊರಿನ ಪಡೆಯಾಗಲಿಲ್ಲ. ಬದಲಿಗೆ, ಬೆಂಕಿ ಆರಿಸುವುದು ಸರ್ಕಾರದ ಕೆಲಸ, ನಮ್ಮದು ಫೋನು ಮಾಡುವ ಕೆಲಸ ಎಂಬ ಭಾವನೆ ಬೆಳೆಯಿತು.

ಶ್ರೀಮಂತ ದೇಶಗಳಲ್ಲಿ ಎಲ್ಲವನ್ನೂ ಸಂಬಳದ ನೌಕರರೇ ಮಾಡುತ್ತಾರೆಂದು ತಿಳಿಯುವುದು ತಪ್ಪು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ನೆರೆಹೊರೆಯವರು 1736ರಲ್ಲಿ ಕಟ್ಟಿದ ಸಂಘದ ಕರಾರು ಬಹಳ ಸರಳ: ಪ್ರತಿ ಸದಸ್ಯನೂ ನೀರಿಗೆ ಚರ್ಮದ ಬಕೆಟ್ಟುಗಳನ್ನು, ಸಾಮಾನು ಹೊರಲು ಚೀಲಗಳನ್ನು ಸಿದ್ಧವಾಗಿಟ್ಟುಕೊಂಡಿರಬೇಕು. ಜರ್ಮನಿಯ ಹಳ್ಳಿಗಳಲ್ಲಿ ಇಂದಿಗೂ ಬೆಂಕಿ ಆರಿಸುವವರು ರೈತರು, ಬಡಗಿಗಳು, ಅಂಗಡಿಯವರು. ಅವರು ವಾರದಲ್ಲಿ ಬಿಡುವಾದಾಗ ಅಭ್ಯಾಸ ಮಾಡಿ, ಕರೆ ಬಂದಾಗ ಓಡುತ್ತಾರೆ.

ನಮ್ಮ ಎರಡು ತಾಲ್ಲೂಕುಗಳಲ್ಲಿ ಮೆದೆಯ ಬೆಂಕಿಯಷ್ಟೇ ಕಾಡಿನ ಬೆಂಕಿಯೂ ಮುಖ್ಯ. ಗುಂಡ್ಲುಪೇಟೆಯ ದಕ್ಷಿಣಕ್ಕೆ ಬಂಡೀಪುರ, ಚಾಮರಾಜನಗರದ ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟ. ಬೆಟ್ಟದ ಸೋಲಿಗರು ಬೇಸಿಗೆ ಬಲಿಯುವ ಮೊದಲೇ ನೆಲದ ಒಣ ಎಲೆಗಳಿಗೆ ಸಣ್ಣಗೆ ಕಿಚ್ಚಿಟ್ಟು ಸುಡುತ್ತಿದ್ದರು. ಇದನ್ನು ಅವರು ತರಗು ಬೆಂಕಿ ಎನ್ನುತ್ತಾರೆ. ಬೆಂಕಿ ಮೊಣಕಾಲಿನ ಮೇಲೆ ಏರುತ್ತಿರಲಿಲ್ಲವಾಗಿ ದೊಡ್ಡ ಮರಗಳಿಗೆ ಧಕ್ಕೆಯಿಲ್ಲ. ಲಂಟಾನ ಹಬ್ಬುತ್ತಿರಲಿಲ್ಲ, ನೆಲ್ಲಿ ಮರದ ಬದನಿಕೆ ಹತೋಟಿಯಲ್ಲಿತ್ತು ಎಂಬುದು ಅವರ ಅನುಭವ. 1974ರಲ್ಲಿ ಬೆಟ್ಟ ವನ್ಯಜೀವಿಧಾಮವಾದ ಮೇಲೆ ಈ ಪದ್ಧತಿ ನಿಂತಿತು. ಇಂದು ಕಾಡಿನೊಳಗೆ ಆಳೆತ್ತರದ ಲಂಟಾನ ಒಣಗಿ ನಿಂತಿದೆ. ಅದಕ್ಕೆ ಬೆಂಕಿ ಬಿದ್ದರೆ ಮರದ ತುದಿಗೇ ಏರುತ್ತದೆ. ಹಳೆಯ ಪದ್ಧತಿಯನ್ನು ಹಾಗೆಯೇ ಮರಳಿ ತರಬೇಕೆಂದು ನಾನು ಹೇಳಲಾರೆ, ಲಂಟಾನ ತುಂಬಿದ ಕಾಡಿನಲ್ಲಿ ಸಣ್ಣ ಬೆಂಕಿ ಸಣ್ಣದಾಗಿಯೇ ಉಳಿಯುವುದಿಲ್ಲ. ಆದರೆ ಬೆಂಕಿಯ ಗುಣ ಬಲ್ಲ ಈ ಜನರನ್ನು ಬೇಸಿಗೆಯ ದಿನಗೂಲಿ ಕಾವಲುಗಾರರೆಂದು ಮಾತ್ರ ಕಾಣುವುದು ಸರಿಯಲ್ಲ.

2017ರ ಫೆಬ್ರವರಿಯಲ್ಲಿ ಬಂಡೀಪುರದ ಬೆಂಕಿಗೆ ಒಬ್ಬ ಅರಣ್ಯ ರಕ್ಷಕ ಬಲಿಯಾದರು. ಎರಡು ವರ್ಷದ ಮೇಲೆ, 2019ರ ಫೆಬ್ರವರಿ 21ರ ಸುಮಾರಿಗೆ ಹೊತ್ತಿದ ಬೆಂಕಿ ಗೋಪಾಲಸ್ವಾಮಿ ಬೆಟ್ಟದ ಹುಲ್ಲುಗಾವಲನ್ನು ಹಿಡಿದು, ಐದು ದಿನಗಳಲ್ಲಿ ಸುಮಾರು ಹತ್ತು ಸಾವಿರ ಎಕರೆ ಸುಟ್ಟಿತು. 25ರಂದು ವಾಯುಸೇನೆಯ ಹೆಲಿಕಾಪ್ಟರುಗಳು ನೀರು ಹೊತ್ತು ತಂದು ಸುರಿಯಬೇಕಾಯಿತು. ಮೈಸೂರು, ಬೆಂಗಳೂರುಗಳಿಂದ ನೂರಾರು ಸ್ವಯಂಸೇವಕರು ಬಂದರು. ಅವರ ಒಳ್ಳೆಯ ಮನಸ್ಸಿಗೆ ನಮಸ್ಕಾರ. ಆದರೆ ಕಡಿದಾದ ಇಳಿಜಾರಿನಲ್ಲಿ ಬೆಂಕಿ ಕೆಳಗಿನಿಂದ ಮೇಲಕ್ಕೆ ಎಷ್ಟು ವೇಗವಾಗಿ ಏರುತ್ತದೆ, ಗಾಳಿ ತಿರುಗಿದರೆ ಯಾವ ಕಡೆಗೆ ಓಡಬೇಕು, ಎದುರು ಬೆಂಕಿಯನ್ನು ಎಲ್ಲಿಂದ ಕೊಡಬೇಕು ಎಂಬುದನ್ನು ಅಂದು ಬಂದು ಅಂದೇ ಕಲಿಯಲಾಗದು.

ಕಾಡಂಚಿನ ರೈತರು ಇಂತಹ ಸಮಯದಲ್ಲಿ ದೂರ ನಿಲ್ಲುವುದಕ್ಕೆ ಕಾರಣವಿಲ್ಲದಿಲ್ಲ. ಆನೆ, ಹಂದಿಗಳು ಬೆಳೆ ತಿಂದಾಗ ಪರಿಹಾರಕ್ಕೆ ಅಲೆದವನಿಗೆ ಕಾಡು ಉರಿದರೆ ಏನಾಯಿತು ಎನ್ನಿಸಬಹುದು. ಹೊಸ ಹುಲ್ಲು ಚಿಗುರಲಿ ಎಂದು ಕಡ್ಡಿ ಗೀರುವವರೂ ನಮ್ಮ ನಡುವೆ ಇದ್ದಾರೆ, ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಲೆಕ್ಕ ಹಾಕಿ ನೋಡಿ: ಹುಲ್ಲು, ಬಿದಿರು ಸುಟ್ಟ ಕಾಡಿನಿಂದ ಆನೆ ಹೊರಡುವುದು ನಮ್ಮ ಕಬ್ಬು, ಬಾಳೆಯ ಕಡೆಗೇ.

ಆದುದರಿಂದ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಹದಿನೈದು ಇಪ್ಪತ್ತು ಜನರ ಒಂದು ಪಡೆ ಇರಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಇದಕ್ಕೆ ಭಾರಿ ಹಣ ಬೇಕಿಲ್ಲ. ಟ್ರ್ಯಾಕ್ಟರಿಗೆ ಕಟ್ಟುವ ನೀರಿನ ಟ್ಯಾಂಕರು ಈಗ ಎಲ್ಲ ಊರುಗಳಲ್ಲೂ ಇದೆ. ಬೇಸಿಗೆಯಲ್ಲಿ ಅದನ್ನು ತುಂಬಿಸಿ ನಿಲ್ಲಿಸಿರಬೇಕು, ಏಕೆಂದರೆ ಬೆಂಕಿ ಬಿದ್ದ ಹೊತ್ತಿಗೆ ಬೋರ್‌ವೆಲ್ಲಿಗೆ ಕರೆಂಟು ಇರುತ್ತದೆಂಬ ಭರವಸೆಯಿಲ್ಲ. ಔಷಧ ಹೊಡೆಯುವ ಪಂಪನ್ನು ಚೆನ್ನಾಗಿ ತೊಳೆದಿಟ್ಟರೆ ಅದೂ ಉಪಯೋಗಕ್ಕೆ ಬರುತ್ತದೆ. ಉರಿಯುವ ಮೆದೆಯ ಮೇಲೆ ಇರುವ ನೀರನ್ನೆಲ್ಲ ಸುರಿಯುವ ಬದಲು ಪಕ್ಕದ ಮೆದೆಗಳನ್ನು ನೆನೆಸುವುದು ಜಾಣತನ. ಮೆದೆಯ ಒಳಗಿನ ಕೆಂಡ ಮೇಲಿನ ನೀರಿಗೆ ಆರುವುದಿಲ್ಲ, ಕೆದರಿ ಹರಡಿಯೇ ಆರಿಸಬೇಕು. ತಂತಿಯಿಂದ ಹತ್ತಿದ ಬೆಂಕಿಯಾದರೆ ಲೈನ್‌ಮನ್ ಕರೆಂಟು ತೆಗೆದನೆಂದು ಖಾತ್ರಿಯಾಗುವವರೆಗೆ ನೀರು ಹಾಕಕೂಡದು. 101ಕ್ಕೋ 112ಕ್ಕೋ ಫೋನು ಮಾಡುವುದನ್ನು ಒಬ್ಬನಿಗೆ ವಹಿಸಿರಬೇಕು. ಇಲ್ಲವಾದರೆ ಇನ್ನೊಬ್ಬ ಮಾಡಿದ್ದಾನೆಂದು ಯಾರೂ ಮಾಡಿರುವುದಿಲ್ಲ.

ಒಂದು ಕಷ್ಟದ ವಿಷಯ ಉಳಿದಿದೆ. ಇನ್ನೊಬ್ಬರ ಮೆದೆ ಉಳಿಸಲು ಹೋದವನ ಕೈಕಾಲು ಸುಟ್ಟರೆ ಅವನ ಸಂಸಾರವನ್ನು ಯಾರು ನೋಡುವರು? ಇದಕ್ಕೆ ಉತ್ತರವಿಲ್ಲದೆ ಯುವಕರನ್ನು ಮುಂದೆ ನೂಕುವುದು ನ್ಯಾಯವಲ್ಲ. 1964ರ ಕಾಯ್ದೆಯ ಅವಕಾಶದಂತೆ ಪಡೆಯವರ ಹೆಸರು ನೋಂದಾಯಿಸಿ, ಅವರಿಗೆ ವಿಮೆ ಮಾಡಿಸಿ, ಅಗ್ನಿಶಾಮಕ ಠಾಣೆಯಲ್ಲಿ ವರ್ಷಕ್ಕೆ ಎರಡು ದಿನವಾದರೂ ತರಬೇತಿ ಕೊಡಿಸಬೇಕೆಂದು ಗ್ರಾಮಸಭೆಗಳು ಠರಾವು ಮಾಡಿ ಕೇಳಬೇಕು. ಅಗ್ನಿಶಾಮಕ ಸೇವಾ ಸಪ್ತಾಹ ಏಪ್ರಿಲ್ 14ಕ್ಕೆ ಬರುತ್ತದೆ, ಆ ಹೊತ್ತಿಗೆ ನಮ್ಮ ಕಡೆ ಸುಡುವುದೆಲ್ಲ ಸುಟ್ಟಿರುತ್ತದೆ. ಠರಾವು ನವೆಂಬರಿನಲ್ಲಿ ಆಗಲಿ, ತರಬೇತಿ ಡಿಸೆಂಬರಿನಲ್ಲಿ ನಡೆಯಲಿ. ಅರಣ್ಯ ಇಲಾಖೆ ಬೆಂಕಿ ರೇಖೆ ಸವರುವುದೂ ಸುಮಾರು ಆ ದಿನಗಳಲ್ಲಿಯೇ.