ದರಪಟ್ಟಿಯ ಪಕ್ಕದಲ್ಲಿ ಮಳೆಯ ಲೆಕ್ಕವೂ ಇರಲಿ

ಮೆಣಸಿನಕಾಯಿಯನ್ನು ಈಗಲೇ ಮಾರಬೇಕೇ, ಶೈತ್ಯಾಗಾರದಲ್ಲಿ ಇಡಬೇಕೇ? ಅಮರಗೋಳದ ಎ.ಪಿ.ಎಂ.ಸಿ. ಪ್ರಾಂಗಣದ ವರ್ತಕ ಬಾಂಧವರನ್ನು ಪ್ರತಿವರ್ಷ ಕಾಡುವ ಪ್ರಶ್ನೆಯಿದು. ಹಲವರು ಹಿಂದಿನ ದರಗಳನ್ನು ಎಕ್ಸೆಲ್‌ನಲ್ಲಿ ಕಾಪಾಡಿಕೊಂಡಿದ್ದರೂ ಬೆಳೆಯನ್ನು ನಿರ್ಧರಿಸುವ ಮಳೆಯ ಲೆಕ್ಕ ಅದರಲ್ಲಿರುವುದಿಲ್ಲ.

ಭಾರತೀಯ ಹವಾಮಾನ ಇಲಾಖೆಯು ದೇಶವನ್ನು ಕಾಲು ಡಿಗ್ರಿಯ ಚೌಕಗಳಾಗಿ ವಿಭಾಗಿಸಿ, 1901ರಿಂದೀಚಿನ ದೈನಂದಿನ ಮಳೆಯ ಪ್ರಮಾಣವನ್ನು ಒದಗಿಸುತ್ತದೆ. ಅಕ್ಷಾಂಶ, ರೇಖಾಂಶ, ದಿನಾಂಕಗಳೆಂಬ ಮೂರು ಆಯಾಮಗಳ ಈ ಮಾಹಿತಿ ಎಕ್ಸೆಲ್ ಹಾಳೆಗೆ ಸುಲಭವಾಗಿ ಒಗ್ಗದು. ಪೈಥಾನ್ ಭಾಷೆಯ ‘ಪಾಂಡಾಸ್’ ದರಪಟ್ಟಿಯನ್ನೂ ‘ಎಕ್ಸ್‌ಅರೇ’ ಮಳೆಯ ಮಾಹಿತಿಯನ್ನೂ ಓದಬಲ್ಲವು. ಬೇಕಾದ ಚೌಕಗಳ ಮಳೆಯನ್ನು ಆರಿಸಿ, ಪಟ್ಟಿಯಾಗಿಸಿ, ದರದ ಪಕ್ಕದಲ್ಲಿ ಇರಿಸಬಹುದು. ಎರಡೂ ಉಚಿತವಾಗಿ ದೊರೆಯುತ್ತವೆ.

ಆದರೆ ಜೋಡಿಸುವ ವಿವೇಕ ತಂತ್ರಾಂಶಕ್ಕಿಲ್ಲ. ಜನವರಿಯ ಆವಕಕ್ಕೆ ಅಂದಿನ ಅಮರಗೋಳದ ಮಳೆಯಲ್ಲ, ಹಿಂದಿನ ತಿಂಗಳುಗಳಲ್ಲಿ ಕುಂದಗೋಳ, ಬ್ಯಾಡಗಿಯ ಹೊಲಗಳಲ್ಲಿ ಸುರಿದ ಮಳೆ ಮುಖ್ಯ. 2014ರ ನವೆಂಬರ್ 1ರಂದು ನಮ್ಮ ಊರಿನ ಇಂಗ್ಲಿಷ್ ಕಾಗುಣಿತ ‘ಹುಬ್ಲಿ’ಯಿಂದ ‘ಹುಬ್ಬಳ್ಳಿ’ಯಾಯಿತು, ಸರಿಪಡಿಸದಿದ್ದರೆ ಗಣಕಯಂತ್ರಕ್ಕೆ ಅವು ಎರಡು ಊರುಗಳೇ. ಗುಂಟೂರಿನ ಆವಕ, ರಫ್ತಿನ ಬೇಡಿಕೆಗಳೂ ದರವನ್ನು ಪ್ರಭಾವಿಸುವುದರಿಂದ ಮಳೆಯೊಂದೇ ಭವಿಷ್ಯ ನುಡಿಯಲಾರದು.

ಧಾರವಾಡದ ಐ.ಐ.ಟಿ., ಹುಬ್ಬಳ್ಳಿಯ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆ ಈ ಜೋಡಣೆ ಕಠಿಣವಲ್ಲ. ಯಾವ ಹೊಲದ ಮಾಲು ಯಾವಾಗ ಬರುತ್ತದೆಂಬ ತಿಳಿವಳಿಕೆ ಮಾತ್ರ ನಮ್ಮಲ್ಲಿದೆ. ದುಬಾರಿ ಸಿದ್ಧ ತಂತ್ರಾಂಶಕ್ಕೆ ಹಣ ತೆರುವ ಮುನ್ನ, ಈ ಇಬ್ಬರನ್ನೂ ಒಂದೆಡೆ ಕೂಡಿಸಲು ನಮ್ಮ ಸಂಸ್ಥೆಯು ಮುಂದಾಗುವುದು ಅವಶ್ಯ.